ಆರಂಭಿಕ ವೇತನ

ಆರಂಭಿಕ ವೇತನ ಎಂದರೆ ಪದವಿ ಮುಗಿಸಿದವರಿಗೆ ಮೊದಲ ಉದ್ಯೋಗದಲ್ಲಿ ಗೊತ್ತುಪಡಿಸುವ ಸಂಬಳ. ಭಾರತದ ಖಾಸಗಿ ಕಂಪನಿಗಳು ಇದನ್ನು ಸಾಮಾನ್ಯವಾಗಿ ವಾರ್ಷಿಕ ‘ಸಿಟಿಸಿ’ಯ ರೂಪದಲ್ಲಿ, ಅಂದರೆ ಒಬ್ಬ ನೌಕರನಿಗಾಗಿ ತಾವು ಮಾಡುವ ಒಟ್ಟು ವೆಚ್ಚವಾಗಿ ತಿಳಿಸುತ್ತವೆ. ಈ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಕೈಸೇರುವ ಸಂಬಳವಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಉದಾಹರಣೆಗೆ, ಸಿಟಿಸಿ 3,60,000 ರೂಪಾಯಿ, ತಿಂಗಳ ಮೂಲವೇತನ 15,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಮೂಲವೇತನದ ಶೇ. 12ರಂತೆ ಕಂಪನಿ ಭವಿಷ್ಯನಿಧಿಗೆ ಕಟ್ಟುವ ವರ್ಷದ 21,600 ರೂಪಾಯಿ, ಗ್ರಾಚ್ಯುಟಿಗೆಂದು ಲೆಕ್ಕ ಹಾಕುವ ಸುಮಾರು 8,650 ರೂಪಾಯಿ ಈ ಮೊತ್ತದೊಳಗೇ ಸೇರಿರುತ್ತವೆ. ಸಾಧನೆ ಆಧಾರಿತ ವೇತನವೆಂದು 30,000 ರೂಪಾಯಿಯನ್ನು ಬೇರೆ ಇಟ್ಟಿದ್ದರೆ, ತಿಂಗಳಿಗೆ ಉಳಿಯುವುದು ಸುಮಾರು 24,980. ನೌಕರನ ಪಾಲಿನ ಭವಿಷ್ಯನಿಧಿ 1,800 ಕಳೆದರೆ ಕೈಗೆ ಬರುವುದು ಸುಮಾರು 23,180 ರೂಪಾಯಿ, 30,000 ಅಲ್ಲ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆಯ ನಂತರವೇ ದೊರೆಯುವುದರಿಂದ, ಎರಡೇ ವರ್ಷಕ್ಕೆ ಕೆಲಸ ಬದಲಿಸುವವರ ಪಾಲಿಗೆ ಅದು ಕಾಗದದ ಮೇಲಿನ ಹಣ.

ಕಾಲೇಜುಗಳು ಪ್ರಕಟಿಸುವ ಸರಾಸರಿ ವೇತನದೊಂದಿಗೆ ಹೋಲಿಸುವಾಗಲೂ ಎಚ್ಚರ ಅಗತ್ಯ. ಐವರಲ್ಲಿ ನಾಲ್ವರಿಗೆ 3 ಲಕ್ಷ, ಒಬ್ಬರಿಗೆ 18 ಲಕ್ಷ ದೊರೆತರೆ ಸರಾಸರಿ 6 ಲಕ್ಷವಾಗುತ್ತದೆ. ಆ ಸಂಬಳ ಯಾರಿಗೂ ಸಿಕ್ಕಿರುವುದಿಲ್ಲ. ಇಂತಲ್ಲಿ 3 ಲಕ್ಷದ ಮಧ್ಯಾಂಕವೇ ಹೆಚ್ಚು ನಂಬಲರ್ಹ.

ಊರಿನ ಖರ್ಚೂ ಮುಖ್ಯ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯಲು ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ತಂದೆತಾಯಿಯರ ಮನೆಯಲ್ಲಿದ್ದು ದುಡಿಯುವವರಿಗೆ ಇದಕ್ಕಿಂತ ಕಡಿಮೆ ಸಂಬಳದಲ್ಲೂ ಹೆಚ್ಚು ಉಳಿಯಬಹುದು.