ಮನಸ್ಸು ಮತ್ತು ನ್ಯಾಯಾಲಯ: ಕರ್ನಾಟಕದ ಒಂದು ಮೊಕದ್ದಮೆಯ ಪಾಠ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲೇ ಇರಲಿ, ಮನಶ್ಶಾಸ್ತ್ರ ಓದುತ್ತೇನೆ ಎನ್ನುವ ಮಕ್ಕಳಿಗೆ ಮನೆಯವರು ಕೇಳುವ ಪ್ರಶ್ನೆ ಒಂದೇ: "ಅದನ್ನು ಓದಿ ಏನು ಮಾಡುತ್ತೀಯ?" ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದ ಇತಿಹಾಸದಲ್ಲೇ ಇದೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸ್ಥಾಪನೆಯಾಯಿತು. ತರಗತಿ ಮತ್ತು ಆಸ್ಪತ್ರೆಗಳಲ್ಲಿದ್ದ ಈ ವಿದ್ಯೆ ಮುಂದೆ ಪೊಲೀಸ್ ತನಿಖೆಗೂ ಕಾಲಿಟ್ಟಿತು. 2000ದ ನಂತರ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಯಿತು. ನಕಲಿ ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳನ್ನು ಜನ ಟಿ.ವಿ.ಯಲ್ಲೇ ನೋಡಿದರು.

ಈ ಪರೀಕ್ಷೆಯಲ್ಲಿ ಸೋಡಿಯಂ ಪೆಂಟೊಥಾಲ್ ಔಷಧ ಕೊಟ್ಟು ಮನುಷ್ಯನನ್ನು ಅರೆನಿದ್ರೆಗೆ ತರುತ್ತಾರೆ. ಆಗ ಅವನು ನಿಜವನ್ನೇ ನುಡಿಯುತ್ತಾನೆಂಬ ಖಾತ್ರಿ ಇಲ್ಲ. ಕಲ್ಪನೆಯನ್ನೂ ನುಡಿಯಬಹುದು, ಪ್ರಶ್ನೆಯಲ್ಲಿದ್ದ ಸೂಚನೆಯನ್ನೇ ಮರುನುಡಿಯಬಹುದು. ಸುಳ್ಳು ಪತ್ತೆ ಯಂತ್ರ ಅಳೆಯುವುದು ಉಸಿರು, ನಾಡಿ, ರಕ್ತದೊತ್ತಡ, ಬೆವರುಗಳನ್ನು. ಆದರೆ ಠಾಣೆಯಲ್ಲಿ ಕುಳಿತ ನಿರಪರಾಧಿಯ ಎದೆಯೂ ಹೊಡೆದುಕೊಳ್ಳುತ್ತದಲ್ಲವೇ?

2004ರಲ್ಲಿ ಕರ್ನಾಟಕ ಹೈಕೋರ್ಟ್ ಇಂಥ ಪರೀಕ್ಷೆಗಳಿಗೆ ಅನುಮತಿ ನೀಡಿತು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಅದೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದ ಪೀಠ ತೀರ್ಪು ನೀಡಿತು. ನಮ್ಮ ಹೈಕೋರ್ಟಿನಲ್ಲಿ ಮೊದಲು ಸೇವೆ ಸಲ್ಲಿಸಿದ್ದ ಆರ್.ವಿ. ರವೀಂದ್ರನ್ ಅವರೂ ಆ ಪೀಠದಲ್ಲಿದ್ದರು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮೆದುಳು ಮ್ಯಾಪಿಂಗ್ ಯಾವುದನ್ನೂ ನಡೆಸಕೂಡದು. ಅದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂದು ಪೀಠ ಸಾರಿತು. ಒಪ್ಪಿಗೆಯಿಂದ ನಡೆಸಿದರೂ ಪರೀಕ್ಷೆಯ ಫಲಿತಾಂಶವೊಂದೇ ಸಾಕ್ಷ್ಯವಾಗದು. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಮತ್ತೆ ಎತ್ತಿಹಿಡಿಯಿತು.

ಹಾಗಾದರೆ ನ್ಯಾಯಾಲಯಕ್ಕೆ ಮನಶ್ಶಾಸ್ತ್ರಜ್ಞರು ಬೇಡವೇ? ಖಂಡಿತ ಬೇಕು. ಗುಟ್ಟನ್ನು ಬಲವಂತವಾಗಿ ಹೊರಗೆಳೆಯಲು ಅಲ್ಲ, ಮನಸ್ಸನ್ನು ಅರ್ಥಮಾಡಿಸಲು. 2015ರ ಬಾಲನ್ಯಾಯ ಕಾಯ್ದೆಯಂತೆ 16ರಿಂದ 18 ವರ್ಷದವರು ಘೋರ ಅಪರಾಧದ ಆರೋಪಕ್ಕೆ ಸಿಕ್ಕಿದರೆ, ಅವರ ಮಾನಸಿಕ ಸಾಮರ್ಥ್ಯವನ್ನೂ ಕೃತ್ಯದ ಪರಿಣಾಮ ಅರಿಯುವ ಶಕ್ತಿಯನ್ನೂ ಬಾಲನ್ಯಾಯ ಮಂಡಳಿ ಪರಿಶೀಲಿಸಬೇಕು. ವಯಸ್ಕರಂತೆ ವಿಚಾರಣೆ ನಡೆಯಬೇಕೇ ಎಂಬುದು ಅದರ ಮೇಲೆ ನಿಂತಿದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇಂಥ ಮಂಡಳಿ ಪ್ರತಿ ಜಿಲ್ಲೆಗೂ ಇರಬೇಕೆಂಬುದು ಕಾಯ್ದೆಯ ನಿಯಮ. ಹೊಸದುರ್ಗದ ತಾಂಡಾದ ಹುಡುಗನೋ ಹಿರಿಯೂರಿನ ಉರ್ದು ಶಾಲೆಯ ಹುಡುಗನೋ ಅದರ ಮುಂದೆ ನಿಂತರೆ, ಅವನ ಮನೆಮಾತು ತಿಳಿಯದ ತಜ್ಞರು ಅವನ ಮೌನವನ್ನು ಮೊಂಡುತನ ಎಂದು ಬರೆದುಬಿಟ್ಟಾರು. ಆ ಒಂದು ಸಾಲು ಅವನ ಇಡೀ ಬದುಕನ್ನೇ ತಿರುಗಿಸಬಲ್ಲದು. ಲಂಬಾಣಿ, ಉರ್ದು, ಕನ್ನಡ ಬಲ್ಲ ನಮ್ಮ ಮಕ್ಕಳೇ ಈ ವಿದ್ಯೆ ಕಲಿತರೆ ಎಷ್ಟು ಉಪಕಾರ, ಯೋಚಿಸಿ.

ದಾರಿ ಕಷ್ಟದ್ದೇನಲ್ಲ. ಮನಶ್ಶಾಸ್ತ್ರದಲ್ಲಿ ಪದವಿ, ಸ್ನಾತಕೋತ್ತರ ಪದವಿ. ಆಸಕ್ತಿ ಇದ್ದರೆ ಮೂರು ವರ್ಷದ ಎಲ್‌ಎಲ್.ಬಿ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಈಗ ಧಾರವಾಡದಲ್ಲೇ ಇದೆ. ಎರಡೂ ವಿದ್ಯೆ ಬಲ್ಲವರು ಮುಂದೆ ಕಾನೂನು ರೂಪಿಸುವವರಿಗೂ ಸಲಹೆ ಕೊಡಬಲ್ಲರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಣ್ಣಿಗೆ ಕಂಡದ್ದಕ್ಕೇ ಅಷ್ಟು ಎಚ್ಚರ ಬೇಕಾದರೆ, ಕಾಣದ ಮನಸ್ಸಿನ ವಿಷಯದಲ್ಲಿ ಇನ್ನೆಷ್ಟು ಬೇಕು! ಆ ಎಚ್ಚರವನ್ನು ನ್ಯಾಯಾಲಯಕ್ಕೆ ಒದಗಿಸುವುದೇ ಈ ವೃತ್ತಿ. "ಅದನ್ನು ಓದಿ ಏನು ಮಾಡುತ್ತೀಯ?" ಎಂದು ಕೇಳುವವರಿಗೆ ದಯವಿಟ್ಟು ಇದನ್ನು ತಿಳಿಸಿ.