ಅರ್ಜಿಯ ಇಂಗ್ಲಿಷು, ಮಾತಿನ ಇಂಗ್ಲಿಷು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಇಂಗ್ಲಿಷು ಓದಿದವರು ನೂರು ವರ್ಷಕ್ಕೂ ಮೇಲ್ಪಟ್ಟು ಇದ್ದಾರೆ. ಅವರಲ್ಲಿ ಸರ್ಕಾರಕ್ಕೆ ಅಪೀಲು ಬರೆಯಬಲ್ಲವರಿದ್ದರು. ಕಠಿನವಾದ ಇಂಗ್ಲಿಷು ಪದ್ಯಕ್ಕೆ ಅನ್ವಯ ಹೇಳಬಲ್ಲವರೂ ಇದ್ದರು. ಆದರೆ ಪರದೇಶದವನೊಬ್ಬನು ಎದುರಾಗಿ ಜೋಗಕ್ಕೆ ದಾರಿ ಯಾವುದೆಂದು ಕೇಳಿದರೆ ತಡವರಿಸದೆ ಎರಡು ಮಾತು ಹೇಳಬಲ್ಲವರು ವಿರಳರಾಗಿದ್ದರು. ಇದಕ್ಕೆ ನಮ್ಮವರ ಸಂಕೋಚವನ್ನೋ ನಾಲಗೆಯ ಜಡತೆಯನ್ನೋ ಕಾರಣವಾಗಿ ಹೇಳುವುದು ವಾಡಿಕೆ. ಚರಿತ್ರೆಯನ್ನು ಸ್ವಲ್ಪ ಶೋಧಿಸಿ ನೋಡಿದರೆ ವಿಷಯವು ಬೇರೆಯಾಗಿ ತೋರುತ್ತದೆ. ಇಂಗ್ಲಿಷು ನಮ್ಮಲ್ಲಿಗೆ ಬಂದದ್ದು ಕೆಳಗಿನವನು ಮೇಲಿನವನಿಗೆ ಬರೆದುಕೊಳ್ಳುವ ಭಾಷೆಯಾಗಿ. ಸರಿಸಮಾನರು ಎದುರುಬದುರಾಗಿ ಆಡುವ ಭಾಷೆಯಾಗಿ ಬರಲಿಲ್ಲ. ಇದನ್ನೇ ಇಲ್ಲಿ ವಿಸ್ತರಿಸಬೇಕೆಂದಿದ್ದೇನೆ.

ಇಂಗ್ಲಿಷರು ನಮ್ಮ ಸೀಮೆಗೆ ಮೊದಲು ಬಂದದ್ದು ಕರಿಮೆಣಸಿನ ಆಸೆಯಿಂದ. 1637ರಲ್ಲಿ ಅವರ ಹಡಗುಗಳು ಭಟ್ಕಳದಲ್ಲಿ ನಿಂತಾಗ, ವ್ಯಾಪಾರಕ್ಕೆ ಅಪ್ಪಣೆ ಬೇಡಲು ಘಟ್ಟವನ್ನು ಹತ್ತಿ ಇಕ್ಕೇರಿಗೆ ಬಂದವರಲ್ಲಿ ಪೀಟರ್ ಮಂಡಿ ಎಂಬವನಿದ್ದನು. ಆಗ ಆಳುತ್ತಿದ್ದವನು ವೀರಭದ್ರನಾಯಕ. ಕರಾವಳಿಯಲ್ಲಿ ಪರದೇಶೀಯರೊಡನೆ ವ್ಯವಹರಿಸಲು ಆ ಕಾಲದಲ್ಲಿ ಬಳಕೆಯಲ್ಲಿದ್ದುದು ಪೋರ್ಚುಗೀಸು ಭಾಷೆ. ಪಾದ್ರಿ, ಅಲಮಾರು, ಬಟಾಟೆ, ಅನಾನಸು ಮುಂತಾದ ಶಬ್ದಗಳು ಆ ಭಾಷೆಯಿಂದ ನಮಗೆ ಬಂದವು. ಇಂಗ್ಲಿಷಿನ ಒಂದು ಶಬ್ದವೂ ಅಂದು ಘಟ್ಟದ ಮೇಲೆ ಉಳಿದಂತೆ ಕಾಣುವುದಿಲ್ಲ.

ಅದಕ್ಕೆ ಹದಿನಾಲ್ಕು ವರ್ಷ ಹಿಂದೆ, 1623ರಲ್ಲಿ, ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಇಕ್ಕೇರಿಗೆ ಹೊರಟಿದ್ದ ಪಿಯೆಟ್ರೊ ಡೆಲ್ಲಾ ವಾಲ್ಲೆ ಎಂಬ ಇಟಲಿಯ ಯಾತ್ರಿಕನು ದಾರಿಯಲ್ಲಿ ಕಂಡ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಹುಡುಗರು ಕುಳಿತು, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಬರೆದುದನ್ನೇ ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕವನ್ನು ಕಲಿಯುತ್ತಿದ್ದರಂತೆ. ಗುರುವಿಲ್ಲದೆ ತಾವೇ ಪರಸ್ಪರ ಕಲಿಯುವ ಈ ಕ್ರಮವು ಅವನಿಗೆ ಬಹಳ ಮೆಚ್ಚಿಗೆಯಾಯಿತು. ಈ ರಾಗದ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರ ಪ್ರಸಕ್ತಿ ಬರುತ್ತದೆ.

1831ರಲ್ಲಿ ನಗರದ ದಂಗೆಯಾದ ಮೇಲೆ ಮೈಸೂರಿನ ಆಡಳಿತವನ್ನು ಇಂಗ್ಲಿಷರು ವಹಿಸಿಕೊಂಡರು. 1881ರವರೆಗೆ ಕಮಿಷನರ ಆಳ್ವಿಕೆ ನಡೆಯಿತು. ಆಗ ನಗರದಲ್ಲಿದ್ದ ತಾಲ್ಲೂಕು ಕಚೇರಿಯೇ ಮುಂದೆ ಕಲ್ಲೂರುಕಟ್ಟೆಗೆ ಬಂದು, ಆ ಊರು ಹೊಸನಗರವೆನಿಸಿತು. ದೊರೆತನ ಇಂಗ್ಲಿಷರದಾದರೂ ಕಚೇರಿಯ ಮಾತು ಒಡನೆಯೇ ಇಂಗ್ಲಿಷಾಗಲಿಲ್ಲ. ಅಮಲ್ದಾರ, ಶಿರಸ್ತೇದಾರ, ಅರ್ಜಿ, ಫಿರ್ಯಾದಿ, ಜಮಾಬಂದಿ ಎಂಬ ಹಳೆಯ ಪಾರಸಿ ಮೂಲದ ಮಾತುಗಳೇ ನಡೆದುಬಂದವು. ಅವುಗಳ ಪಕ್ಕದಲ್ಲಿ ಕೋರ್ಟು, ಸಮನ್ಸು, ನೋಟೀಸು, ಅಪೀಲು, ಡಿಕ್ರಿ ಎಂಬವು ಒಂದೊಂದಾಗಿ ಬಂದು ಕುಳಿತವು. ತೋಟದ ಗಡಿಯ ವ್ಯಾಜ್ಯವನ್ನು ಹೂಡಿದ ಗೃಹಸ್ಥನಿಗೆ ಇವುಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಖರ್ಚು ತೆತ್ತು ಕಲಿತ ಶಬ್ದಗಳು ಬೇಗನೆ ಮರೆತುಹೋಗುವುದಿಲ್ಲ.

ಶಾಲೆಗಳ ವಿಷಯ. 1857ರಲ್ಲಿ ಮೈಸೂರಿನಲ್ಲಿ ವಿದ್ಯಾ ಇಲಾಖೆ ಏರ್ಪಟ್ಟಿತು. 1868ರಲ್ಲಿ ಲೂಯಿ ರೈಸರ ಯೋಜನೆಯಂತೆ ಹೋಬಳಿ ಶಾಲೆಗಳು ಬಂದವು. ಇವುಗಳಲ್ಲಿ ಪಾಠವೆಲ್ಲ ಕನ್ನಡದಲ್ಲಿ. ಇಂಗ್ಲಿಷು ಬೇಕಾದವನು ಪೇಟೆಯಲ್ಲಿದ್ದ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ, ಎಂದರೆ ಎ. ವಿ. ಸ್ಕೂಲಿಗೆ, ಹೋಗಬೇಕು. ಮಳೆಗಾಲದಲ್ಲಿ ಹಳ್ಳ ದಾಟಲಾರದ ಸೀಮೆಯಲ್ಲಿ ಇದು ಸುಲಭದ ಮಾತಲ್ಲ. ನೆಂಟರ ಮನೆಯಲ್ಲೋ ಬಾಡಿಗೆಯ ಕೋಣೆಯಲ್ಲೋ ಹುಡುಗನನ್ನು ಬಿಡುವ ಶಕ್ತಿ ಇದ್ದವರಿಗೆ ಮಾತ್ರ ಇಂಗ್ಲಿಷು. ಗೇಣಿದಾರನ ಮಗನಿಗೂ ಯಾವ ಮನೆಯ ಹೆಣ್ಣುಮಗಳಿಗೂ ಅದು ಬಹುಕಾಲ ದೂರದ ವಸ್ತುವಾಗಿತ್ತು.

ಎ. ವಿ. ಸ್ಕೂಲಿನಲ್ಲಿ ಇಂಗ್ಲಿಷನ್ನು ಕಲಿಸಿದ ಬಗೆ ಯಾವುದು? ಇಲ್ಲಿ ಮರಳಿನ ಮೇಲೆ ಬರೆದ ಹುಡುಗರು ಮತ್ತೆ ನೆನಪಾಗುತ್ತಾರೆ. ಮಗ್ಗಿಯಂತೆ, ಅಮರದಂತೆ, ಶಬ್ದಮಂಜರಿಯಂತೆ ಇಂಗ್ಲಿಷೂ ರಾಗಕ್ಕೆ ಬಂದಿತು. ‘ಗೋ ವೆಂಟ್ ಗಾನ್, ಕಮ್ ಕೇಮ್ ಕಮ್’ ಎಂದು ಕ್ರಿಯಾಪದಗಳನ್ನು ಉರುಹೊಡೆಯುವ ಧ್ವನಿಯು, ಪಾಠಶಾಲೆಯಲ್ಲಿ ರಾಮಶಬ್ದವನ್ನು ಹೇಳುವ ಧ್ವನಿಗೆ ಎಷ್ಟು ಸಮೀಪವೆಂಬುದು ಎರಡನ್ನೂ ಕೇಳಿದವರಿಗೆ ಗೊತ್ತು. ಈ ಕ್ರಮವನ್ನು ಹಾಸ್ಯ ಮಾಡುವವರು ಹಲವರು. ನಾನು ಸಂಸ್ಕೃತವನ್ನು ಹೀಗೆಯೇ ಕಲಿತವನಾದುದರಿಂದ ಆ ಹಾಸ್ಯದಲ್ಲಿ ಸೇರಲಾರೆ. ಕಂಠಪಾಠವು ಭಾಷೆಯ ಅಸ್ಥಿಪಂಜರವನ್ನು ಗಟ್ಟಿಯಾಗಿ ಕೊಡುತ್ತದೆ. ಉಸಿರು ಬರಬೇಕಾದರೆ ಮಾತ್ರ ಎದುರಿಗೆ ಮತ್ತೊಬ್ಬನು ಬೇಕು. ತೀರ್ಥಹಳ್ಳಿಯ ಹುಡುಗನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು ಯಾರು? ಮಾತನ್ನು ಕೇಳದ ಪರೀಕ್ಷೆ ಮತ್ತು ಇಂಗ್ಲಿಷಿನಲ್ಲಿ ಅರ್ಜಿಯನ್ನು ಬಯಸುವ ಕಚೇರಿ, ಇವೆರಡೇ.

ಅದರ ಫಲವಾಗಿ ‘ಐ ಬೆಗ್ ಟು ಸ್ಟೇಟ್’ ಎಂದು ಆರಂಭಿಸಿ, ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಮುಗಿಸುವ ಒಂದು ಇಂಗ್ಲಿಷು ನಮ್ಮಲ್ಲಿ ಬೆಳೆಯಿತು. ವಿಧೇಯ ಸೇವಕನೆಂದು ಕೈಬರಹದಲ್ಲಿ ಸುಂದರವಾಗಿ ಬರೆಯಬಲ್ಲವನಿಗೆ ಕುಡಿಯಲು ನೀರು ಕೇಳುವ ಇಂಗ್ಲಿಷು ಬಾಯಿಗೆ ಬರುತ್ತಿರಲಿಲ್ಲ. ಕೇಳಬೇಕಾದ ಸಂದರ್ಭವೂ ಬರಲಿಲ್ಲವೆನ್ನಿ. ಬಂಗಾಳದಲ್ಲಿ ಅಧ್ಯಾಪಕರಾಗಿದ್ದ ಮೈಕೆಲ್ ವೆಸ್ಟರು 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಲ್ಲಿಯ ಹುಡುಗರಿಗೆ ಮೊದಲು ಬೇಕಾದದ್ದು ಓದುವ ಶಕ್ತಿ, ಮಾತನಾಡುವ ಶಕ್ತಿಯಲ್ಲವೆಂದು ವಾದಿಸಿದರು. ಮಲೆನಾಡಿನ ಆ ಕಾಲದ ಸ್ಥಿತಿಗೆ ಈ ವಾದವು ಸಲ್ಲುತ್ತಿತ್ತೆಂದೇ ನನಗೆ ತೋರುತ್ತದೆ.

ಓದಿನ ಇಂಗ್ಲಿಷು ಎಷ್ಟು ಆಳಕ್ಕೆ ಇಳಿಯಬಹುದೆಂಬುದಕ್ಕೆ ಕುಪ್ಪಳಿಯ ಪುಟ್ಟಪ್ಪನವರೇ ನಿದರ್ಶನ. ತೀರ್ಥಹಳ್ಳಿಯ ಎ. ವಿ. ಸ್ಕೂಲಿನಿಂದ ಮೈಸೂರಿಗೆ ಹೋದ ಅವರು ಮೊದಲು ಕವನ ಕಟ್ಟಿದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಗ್ರಹವು 1922ರಲ್ಲಿ ಹೊರಬಂದಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಆ ಪದ್ಯಗಳನ್ನು ನೋಡಿ, ನಿಮ್ಮ ಮಾತೃಭಾಷೆಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಕುಪ್ಪಳಿಯ ಉಪ್ಪರಿಗೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಆ ಹುಡುಗನು ಪದ್ಯ ಕಟ್ಟಬಲ್ಲವನಾಗಿದ್ದನೆಂಬ ಭಾಗವನ್ನು ಮಾತ್ರ ನಾವು ಸಾಕಷ್ಟು ಆಶ್ಚರ್ಯದಿಂದ ನೋಡಿಲ್ಲ.

ಇತ್ತ ಶಾಲೆಯ ಮೆಟ್ಟಿಲನ್ನೇ ಹತ್ತದವರು ಮತ್ತೊಂದು ದಾರಿಯಿಂದ ಇಂಗ್ಲಿಷನ್ನು ಒಳಕ್ಕೆ ಕರೆದುಕೊಂಡರು. ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿದ ಮೇಲೆ ಕಾರ್ಡು, ಕವರು, ಮನಿಯಾರ್ಡರುಗಳು ಹಳ್ಳಿಯ ಮನೆಗಳಿಗೆ ಬಂದವು. 1899ರಲ್ಲಿ ಶಿವಮೊಗ್ಗೆಗೆ ಬಂದ ರೈಲು ಮುಂದೆ ಅರಸಾಳು, ಆನಂದಪುರ, ಸಾಗರಗಳ ಮೇಲೆ ತಾಳಗುಪ್ಪದವರೆಗೆ ಬೆಳೆಯಿತು. ಟಿಕೀಟು, ಗಾರ್ಡು, ಸಿಗ್ನಲ್ಲುಗಳು ಅದರೊಡನೆ ಬಂದವು. 1948ರಲ್ಲಿ ಜೋಗದ ವಿದ್ಯುದಾಗಾರವು ಆರಂಭವಾಗುವ ಮೊದಲೇ ಕ್ಯಾಂಪು, ಮೇಸ್ತ್ರಿ, ಓವರ್‌ಸಿಯರು ಎಂಬ ಮಾತುಗಳು ಅಲ್ಲಿಯ ಕೂಲಿಗಳ ಬಾಯಲ್ಲಿ ಕನ್ನಡವಾಗಿದ್ದವು. (ಇವುಗಳಲ್ಲಿ ಮೇಸ್ತ್ರಿ ಎಂಬುದು ಇಂಗ್ಲಿಷಲ್ಲ, ಪೋರ್ಚುಗೀಸಿನದು, ಆದರೂ ಜೊತೆಯಲ್ಲೇ ನಡೆಯಿತು.) ಹಾಸ್ಪಿಟಲು ಆಸ್ಪತ್ರೆಯಾಯಿತು, ಅದನ್ನು ಸಂಸ್ಕೃತಪದವೆಂದೇ ನಂಬಿದವರನ್ನು ನಾನು ಕಂಡಿದ್ದೇನೆ. ಮಾಸ್ಟರನು ಮೇಷ್ಟ್ರು ಆದನು. ಅವನ ಹೆಸರಿನ ಕೊನೆಯ ರೇಫವು ನಮ್ಮ ಗೌರವದ ಬಹುವಚನಕ್ಕೆ ಸರಿಯಾಗಿ ಹೊಂದಿಕೊಂಡು, ಸಂಬಳವಲ್ಲದಿದ್ದರೂ ಮರ್ಯಾದೆಯಂತೂ ಪುಕ್ಕಟೆಯಾಗಿ ದೊರೆಯಿತು. ಪುಟ್ಟಪ್ಪನವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬೈಸಿಕಲ್ಲು ಹಳ್ಳಿಗರ ಕಿವಿಯಲ್ಲಿ ‘ಬೀಸೇಕಲ್ಲು’ ಆಗುವುದನ್ನು ಓದಿ ನಗದವರುಂಟೆ? ಅಪರಿಚಿತ ಶಬ್ದಕ್ಕೆ ಮನೆಯೊಳಗಿನ ವಸ್ತುವಿನ ಹೆಸರಿಟ್ಟು ಪಳಗಿಸುವ ಆ ಬುದ್ಧಿಯು ನಗುವಿಗೆ ಮಾತ್ರ ತಕ್ಕದ್ದಲ್ಲ.

ಅಡಕೆಯ ತೋಟಕ್ಕೆ ಬಂದ ಶಬ್ದವೊಂದರ ಪ್ರಯಾಣವಂತೂ ವಿಚಿತ್ರ. ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ ಸುಣ್ಣಗಳ ಮಿಶ್ರಣಕ್ಕೆ ನಾವು ಬೋರ್ಡೋ ಎನ್ನುತ್ತೇವೆ. ಅದು ಫ್ರಾನ್ಸಿನ ದ್ರಾಕ್ಷಿಯ ಸೀಮೆಯ ಒಂದು ಪಟ್ಟಣದ ಹೆಸರು. ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಈ ಮದ್ದನ್ನು ಅಡಕೆಗೆ ಹೊಂದಿಸಿ ಪ್ರಚಾರಕ್ಕೆ ತಂದರು. ಮರವೇರಿ ಗೊನೆಗೆ ಮದ್ದು ಹೊಡೆಯುವ ಕೊನೆಗಾರನು ಇಂಗ್ಲಿಷಿನ ಒಂದಕ್ಷರ ಬಾರದವನಾದರೂ ಬೋರ್ಡೋ, ಪಂಪು, ಪೈಪು ಎಂಬವನ್ನು ತನ್ನವಾಗಿ ಮಾಡಿಕೊಂಡನು. ವಸ್ತುವು ಕೈಗೆ ಬಂದರೆ ಅದರ ಹೆಸರು ಬಾಯಿಗೆ ತಾನಾಗಿಯೇ ಬರುತ್ತದೆ.

ಹೀಗೆ ವಸ್ತುಗಳ ಹೆಸರು ಬಂದವು. ಬಾರದೆ ನಿಂತದ್ದು ಯಾವುದೆಂದರೆ ಉಪಚಾರದ ಮಾತು: ‘ಥ್ಯಾಂಕ್ ಯೂ’, ‘ಸಾರಿ’, ‘ಪ್ಲೀಸ್’, ‘ಗುಡ್ ಮಾರ್ನಿಂಗ್’. ಇಂಗ್ಲಿಷು ಸಂಭಾಷಣೆಯ ಪುಸ್ತಕಗಳೆಲ್ಲ ಮೊದಲ ಪುಟದಲ್ಲಿ ಕಲಿಸುವುದು ಇವುಗಳನ್ನೇ. ನಮ್ಮಲ್ಲಿ ಕಟ್ಟಕಡೆಗೆ ಬಂದವೂ ಇವೇ. ಅರ್ಥವು ಕಠಿನವೆಂದಲ್ಲ. ಥ್ಯಾಂಕ್ ಎಂಬುದು ಯೋಚಿಸುವುದೆಂಬ ಅರ್ಥದ ಥಿಂಕ್ ಎಂಬುದಕ್ಕೆ ಬಂಧು. ಮಾಡಿದುದನ್ನು ಮನಸ್ಸಿನಲ್ಲಿಡುವುದೆಂದು ಅಭಿಪ್ರಾಯ. ನಮ್ಮ ‘ಕೃತಜ್ಞ’ ಶಬ್ದವೂ, ಮಾಡಿದುದನ್ನು ಅರಿತವನು, ಎಂದು ಅದೇ ದಾರಿಯಲ್ಲಿ ಹೊರಟದ್ದು. ಸಾರಿ ಎಂಬುದರ ಮೂಲದಲ್ಲಿ ನೋವೆಂಬ ಅರ್ಥವಿದೆ. ಗುಡ್ ಬೈ ಎಂಬುದು ದೇವರು ನಿಮ್ಮೊಡನೆ ಇರಲೆಂಬ ಹರಕೆಯು ಸವೆದು ಉಳಿದ ಚೂರು. ಇಷ್ಟು ಒಳ್ಳೆಯ ಭಾವಗಳಿಗೆ ನಮ್ಮ ಮನೆಗಳಲ್ಲಿ ಎಡೆಯಿರಲಿಲ್ಲವೆ?

ಎಡೆಯಿತ್ತು, ಬೇರೆ ರೂಪದಲ್ಲಿ. ಬಂದವರಿಗೆ ಬೆಲ್ಲ ನೀರು ಕೊಟ್ಟು, ಕವಳದ ಹರಿವಾಣವನ್ನು ಮುಂದಿಟ್ಟು, ‘ಆಸರಿಗೆ ಏನು ಬೇಕು’ ಎಂದು ಕೇಳುವ ಮನೆಯಲ್ಲಿ ಸ್ವಾಗತಕ್ಕೆ ಪ್ರತ್ಯೇಕ ವಾಕ್ಯ ಬೇಕಿಲ್ಲ. ದಯವಿಟ್ಟು ಎಂಬುದನ್ನು ‘ಕೊಡಿ’ ಎಂಬುದರ ಬಹುವಚನವೇ ಹೇಳುತ್ತದೆ. ‘ಅತ್ತಿಗೆ’, ‘ಭಾವ’, ‘ಒಡೆಯರೆ’ ಎಂಬ ಸಂಬೋಧನೆ ಮಿಕ್ಕುದನ್ನು ಹೇಳುತ್ತದೆ. ಹೊರಡುವವನು ‘ಹೋಗುತ್ತೇನೆ’ ಎನ್ನಬಾರದು, ‘ಬರುತ್ತೇನೆ’ ಎನ್ನಬೇಕು. ಊಟ ಬಡಿಸಿದ ತಾಯಿಗೆ ಥ್ಯಾಂಕ್ಸ್ ಹೇಳಿದರೆ ಆಕೆ ಸಂತೋಷಪಡುವುದಕ್ಕಿಂತ, ಇವನು ಎಂದಿನಿಂದ ನೆಂಟನಾದನೆಂದು ನೋಡುತ್ತಿದ್ದಳು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಅಭಿವಾದನವೆಂಬುದು ನಮ್ಮಲ್ಲಿ ಯಾವಾಗಲೂ ಅಂತಸ್ತನ್ನು ಅಳೆಯುವ ಕೋಲೂ ಆಗಿತ್ತು. ಪ್ರತ್ಯಭಿವಾದನದಲ್ಲಿ ಕೊನೆಯ ಸ್ವರವನ್ನು ಪ್ಲುತವಾಗಿ ಉಚ್ಚರಿಸಬೇಕೆಂದು ಪಾಣಿನಿಯು ಸೂತ್ರಿಸುವಾಗಲೇ ಶೂದ್ರನನ್ನು ಹೊರಗಿಡುತ್ತಾನೆ. ಪಾಠಶಾಲೆಯಲ್ಲಿ ಈ ಸೂತ್ರವನ್ನು ನಾವು ಸ್ವರದ ವಿಷಯವಾಗಿ ಓದಿದೆವು, ಮನುಷ್ಯರ ವಿಷಯವಾಗಿ ಓದಲಿಲ್ಲ. ಮಲೆನಾಡಿನಲ್ಲಿ ಗೇಣಿದಾರನು ಅಂಗಳದಲ್ಲಿ ನಿಂತು ‘ಅಡ್ಡಬಿದ್ದೆ’ ಎಂದರೆ ಒಡೆಯನು ಜಗಲಿಯಿಂದ ‘ಏನೋ’ ಎನ್ನುತ್ತಿದ್ದನು. ‘ಗುಡ್ ಮಾರ್ನಿಂಗ್’ ಎಂಬುದರ ಲಕ್ಷಣವೇನೆಂದರೆ, ಹೇಳಿದವನಿಗೆ ಅದೇ ಮಾತು ಹಿಂದಿರುಗಿ ಬರಬೇಕು. ಅಂಥ ಮಾತಿಗೆ ಆ ಅಂಗಳದಲ್ಲಿ ಸ್ಥಳವೆಲ್ಲಿ? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತರ ಸತ್ಯಾಗ್ರಹವು ಗೇಣಿ ಅಳೆಯುವ ಕೊಳಗದ ಪ್ರಮಾಣದಿಂದ ಆರಂಭವಾದರೂ, ಅದರ ಹಿಂದೆ ಈ ‘ಏನೋ’ ಎಂಬುದೂ ಇತ್ತೆಂಬುದನ್ನು ಅಲ್ಲಿಯ ವೃದ್ಧರು ಬಲ್ಲರು. ಒಬ್ಬ ದೀವರ ಹುಡುಗನು ಶಾಲೆಯಲ್ಲಿ ಎದ್ದುನಿಂತು ‘ಗುಡ್ ಮಾರ್ನಿಂಗ್ ಸಾರ್’ ಎಂದಾಗ, ಆ ಮಾತು ಅವನ ಪಕ್ಕದ ಒಡೆಯರ ಮಗನ ಮಾತಿಗಿಂತ ಒಂದಕ್ಷರವೂ ಕಡಿಮೆಯಾಗಿರಲಿಲ್ಲ. ಇಂಗ್ಲಿಷಿನ ಉಪಚಾರವು ಬರಿಯ ತುಟಿಯ ಮಾತೆಂದು ನಮ್ಮವರು ಅನ್ನುತ್ತಾರೆ. ಆದರೂ ತುಟಿಯ ಮೇಲೆ ದೊರೆತ ಸಮಾನತೆಯು ಅದುವರೆಗೆ ಅಷ್ಟೂ ದೊರೆಯದಿದ್ದವನಿಗೆ ಅಲ್ಪವಲ್ಲ.

ಸ್ವಾತಂತ್ರ್ಯದ ನಂತರದ ಕಥೆ ಪರಿಚಿತವಾದದ್ದು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷು ಸಂಸ್ಥೆ ಸ್ಥಾಪಿತವಾಯಿತು. ಶಾಲೆಗಳಲ್ಲಿ ಅನ್ವಯ ಪಾಠವು ಹಿಂದೆ ಸರಿದು ‘ದಿಸ್ ಈಸ್ ಎ ಪೆನ್’ ಎಂಬ ವಾಕ್ಯರಚನೆಯ ಅಭ್ಯಾಸ ಮುಂದೆ ಬಂದಿತು. ಲೇಖನಿಯನ್ನು ಇಬ್ಬರೂ ಕಾಣುತ್ತಿರುವಾಗ ಇದು ಲೇಖನಿಯೆಂದು ಒಬ್ಬನು ಇನ್ನೊಬ್ಬನಿಗೆ ಹೇಳುವ ಪ್ರಸಂಗ ಲೋಕದಲ್ಲಿ ಅಪೂರ್ವ, ರಾಗವೂ ಹೋಗಿರಲಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದರಾಸು ಮುಂತಾದೆಡೆಗಳ ಕೆಲವು ಶಾಲೆಗಳಲ್ಲಿ, ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿಯಿಂದ ಲೆಕ್ಕ ತೆಗೆಯುವುದು ಮೊದಲಾದ ಕೆಲಸಗಳ ಮೂಲಕ ಭಾಷೆಯನ್ನು ಕಲಿಸಿ ಲೋಕಪ್ರಸಿದ್ಧರಾದರು. ಬೋರ್ಡೋ ಶಬ್ದವನ್ನು ಕೊನೆಗಾರನು ಕಲಿತ ಬಗೆಯೂ ಇದಕ್ಕೆ ದೂರವಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007ರಿಂದ ಒಂದನೆಯ ತರಗತಿಗೇ ಇಳಿಯಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳು ತೆರೆದವು. ಕೆಲವು ಖಾಸಗಿ ಶಾಲೆಗಳಲ್ಲಿ ಆಟದ ಹೊತ್ತಿನಲ್ಲಿ ಕನ್ನಡವಾಡಿದ ಮಗುವಿಗೆ ದಂಡ ಹಾಕುವುದೂ ಉಂಟು. ಮಾತನಾಡಲು ಕಲಿಸುವುದಕ್ಕಾಗಿ ಮಾತನಾಡಿದವನನ್ನು ಶಿಕ್ಷಿಸುವ ಈ ನ್ಯಾಯ ನನಗೆ ಅರ್ಥವಾಗಿಲ್ಲ.

ಎರಡನ್ನೂ ಕೈಬಿಡದೆ ನಡೆದವರೂ ಈ ಸೀಮೆಯಲ್ಲಿದ್ದಾರೆ. ಮೇಳಿಗೆಯ ಅನಂತಮೂರ್ತಿಯವರು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಆರಂಭಿಸಿ, 1966ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರೇಟು ಪಡೆದು, ಮೈಸೂರಿನಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದು ಕನ್ನಡದಲ್ಲಿ ಬರೆದರು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯಲ್ಲಿ ಶೇಕ್ಸ್‌ಪಿಯರನು ಅಡಕೆ ಬೆಳೆಗಾರರ ಮುಂದೆ ಕನ್ನಡವಾಡಿದನು. ಇಂಗ್ಲಿಷಿನಲ್ಲಿ ಬರೆದ ನಾರಾಯಣರ ಮಾಲ್ಗುಡಿಯನ್ನು ಚಿತ್ರಿಸಲು ಶಂಕರನಾಗರು ಆರಿಸಿಕೊಂಡದ್ದು ಆಗುಂಬೆಯನ್ನು, ರೈಲುನಿಲ್ದಾಣಕ್ಕೆ ಅರಸಾಳನ್ನು.

ಈ ಚರಿತ್ರೆಯ ಆಧಾರಗಳು ಮುದ್ರಿತ ಗ್ರಂಥಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಮ್ಮ ಮನೆಗಳ ಅಟ್ಟದ ಮೇಲಿವೆ. ಅಜ್ಜಂದಿರು ಅರ್ಜಿಯ ಕರಡು ಬರೆದ ಹಾಳೆಗಳು, ಇಂಗ್ಲಿಷಿನ ಪಕ್ಕದಲ್ಲಿ ಕನ್ನಡದ ಅರ್ಥ ಗೀಚಿದ ಪಠ್ಯಪುಸ್ತಕಗಳು, ಕಾಪಿ ಬರೆದ ಪುಸ್ತಕಗಳು ಗೆದ್ದಲಿಗೆ ಹೋಗುವುದಕ್ಕೂ ಹಳೆಯ ಕಾಗದದ ವ್ಯಾಪಾರಿಯ ತಕ್ಕಡಿಗೆ ಬೀಳುವುದಕ್ಕೂ ಮುಂಚೆ ವಾಚಕರು ಅವುಗಳನ್ನು ಒಮ್ಮೆ ಕೆಳಗಿಳಿಸಿ ನೋಡಬೇಕೆಂದೂ, ಪುಟದ ಅಂಚಿನ ಬರಹಗಳನ್ನು ಪ್ರತಿಮಾಡಿ ಈ ಪತ್ರಿಕೆಗೆ ಕಳುಹಿಸಬೇಕೆಂದೂ ಪ್ರಾರ್ಥಿಸುತ್ತೇನೆ.