ಒಡಕು ದನಿಗೆ ಎಷ್ಟು ರೊಕ್ಕ?

ಹೋದ ವರ್ಷ ಬೋನಸ್ ಬಂದ ದಿನ ರಾತ್ರಿ ಹನ್ನೊಂದೂವರೆಗೆ ನಾನೊಂದು ಡಬ್ಬಿಯನ್ನು ಕಾರ್ಟ್‌ಗೆ ಹಾಕಿಕೊಂಡು ಕೂತಿದ್ದೆ. ಅನಲಾಗ್ ಡಿಸ್ಟಾರ್ಷನ್ ಬಾಕ್ಸ್. ಅದರ ಕೆಲಸ ಇಷ್ಟೇ: ಒಂದು ಕಡೆಯಿಂದ ಚೆನ್ನಾಗಿರೋ ದನಿ ಒಳಗೆ ಹೋಗುತ್ತೆ, ಇನ್ನೊಂದು ಕಡೆಯಿಂದ ಒಡೆದ ದನಿ ಹೊರಗೆ ಬರುತ್ತೆ. ಕಸ್ಟಮ್ಸು, ಜಿಎಸ್‌ಟಿ ಎಲ್ಲ ಸೇರಿದರೆ ಬೆಲೆ ಊರಲ್ಲಿ ಅಪ್ಪ ಬೋರ್‌ವೆಲ್ಲಿಗೆ ಹಾಕಿಸಿದ ಹೊಸ ಮೋಟರಿಗಿಂತ ಜಾಸ್ತಿ. ಹೆಂಡತಿ ಹಿಂದಿನಿಂದ ಸ್ಕ್ರೀನ್ ನೋಡಿ, "ಇದೇ ಕೆಲಸ ಮಾಡೋ ಸಾಫ್ಟ್‌ವೇರ್ ನಿನ್ನ ಲ್ಯಾಪ್‌ಟಾಪಲ್ಲಿ ಇಲ್ವಾ?" ಅಂದಳು. ಇದೆ. ಒಂದಲ್ಲ, ಆರು ಇವೆ. ಏನು ಹೇಳಬೇಕೋ ತಿಳಿಯದೆ ಟ್ಯಾಬ್ ಮುಚ್ಚಿದೆ.

ಆಫೀಸು ಮುಗಿದ ಮೇಲೆ ರಾತ್ರಿ ಎರಡು ಗಂಟೆ ಎಲೆಕ್ಟ್ರಾನಿಕ್ ಸಂಗೀತ ಮಾಡೋದು ನನ್ನ ನಾಲ್ಕು ವರ್ಷದ ಚಟ. ನಾಲ್ಕು ವರ್ಷದಲ್ಲಿ ಪೂರ್ತಿ ಮುಗಿಸಿದ ಹಾಡು ಮೂರು. ಅರ್ಧಕ್ಕೆ ನಿಂತದ್ದು ಅರವತ್ತಕ್ಕೂ ಮೇಲೆ. ಹಾಗಾಗಿ ಹೆಂಡತಿಯ ಪ್ರಶ್ನೆ ಬರೀ ರೊಕ್ಕದ್ದಾಗಿರಲಿಲ್ಲ. ಡಬ್ಬಿ ಕೊಂಡರೆ ಹಾಡು ಮುಗಿಯುತ್ತಾ, ಅಥವಾ ಮುಗಿಯದ ಹಾಡಿಗೆ ಇನ್ನೊಂದು ನೆಪ ಸಿಗುತ್ತಾ? ಅದಕ್ಕೇ, ಇಂಥ ಡಬ್ಬಿ ಮೊದಲು ಯಾಕೆ ಹುಟ್ಟಿತು ಅಂತ ಓದೋಕೆ ಶುರು ಮಾಡಿದೆ.

ಡಿಸ್ಟಾರ್ಷನ್ ಅಂದರೇನು ಅಂತ ಇಂಜಿನಿಯರಿಂಗ್ ಕಾಲೇಜಿಗೆ ಹೋಗೋ ಮೊದಲೇ ನನಗೆ ಗೊತ್ತಿತ್ತು. ನಮ್ಮೂರ ಜಾತ್ರೆಗೆ ಮೈಕ್‌ಸೆಟ್ ಹಾಕುತ್ತಿದ್ದ ಕಾಕಾ ಒಬ್ಬರಿದ್ದರು. ಆಂಪ್ಲಿಫೈಯರಿನ ವಾಲ್ಯೂಮ್ ತುದಿಮುಟ್ಟ ತಿರುಗಿಸೋರು. ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಭಕ್ತಿಗೀತೆ ಗರಗರ ಅಂತ ಬರೋದು. "ಕಾಕಾ, ಆವಾಜ್ ಒಡ್ಯಾಕತ್ತೈತಲ್ರೀ" ಅಂದರೆ, "ಒಡದ್ರನ ತಮ್ಮಾ, ಹೊಲದಾಗಿನ ಮಂದಿಗೂ ಕೇಳೋದು" ಅನ್ನೋರು. ಕಾಕಾ ಹೇಳಿದ್ದರಲ್ಲಿ ವಿಜ್ಞಾನ ಇದೆ. ಆಂಪ್ಲಿಫೈಯರಿಗೆ ಒಂದು ಮಿತಿ ಇರುತ್ತೆ. ಅದಕ್ಕಿಂತ ಎತ್ತರದ ಅಲೆ ಬಂದರೆ ತುದಿ ಕತ್ತರಿಸಿ ಚಪ್ಪಟೆಯಾಗುತ್ತೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಮೂರರಷ್ಟು, ಐದರಷ್ಟು, ಏಳರಷ್ಟು ಕಂಪನದ ಹೊಸ ಸ್ವರಗಳು ಹುಟ್ಟುತ್ತವೆ. ಇವೇ ಹಾರ್ಮೋನಿಕ್ಸ್. ಮೇಲಿನ ತುದಿ ಒಂದು ಥರ, ಕೆಳಗಿನ ತುದಿ ಇನ್ನೊಂದು ಥರ ಕತ್ತರಿಸಿದರೆ ಎರಡರಷ್ಟು, ನಾಲ್ಕರಷ್ಟೂ ಸೇರಿಕೊಳ್ಳುತ್ತವೆ. ದನಿ ದಪ್ಪವಾಗುತ್ತೆ, ಸರಾಸರಿ ಜೋರೂ ಹೆಚ್ಚುತ್ತೆ.

ದನಿಗೆ ಒರಟು ಸೇರಿಸೋದು ಹೊಸ ಕಾಲದ ಹುಚ್ಚೇನಲ್ಲ. ತಂಬೂರಿಯ ಕುದುರೆ ಮತ್ತು ತಂತಿಯ ನಡುವೆ ಒಂದು ಎಳೆ ನೂಲು ಸಿಕ್ಕಿಸಿ ಜುಂಯ್ ಅನ್ನೋ ದನಿ ತರಿಸುತ್ತಾರಲ್ಲ, ಅಲ್ಲೂ ಹಾರ್ಮೋನಿಕ್ಸೇ ಎದ್ದು ಕೇಳೋದು. ಹಿಂದೂಸ್ತಾನಿಯವರು ಅದಕ್ಕೆ ಜವಾರಿ ಅಂತಾರೆ. ನಮ್ಮ ಕಡೆ ನಾಟಿ ಕೋಳಿಗೂ, ನಾಟಿ ಬದನೆಕಾಯಿಗೂ ಹೇಳೋದು ಇದೇ ಮಾತು.

ವಿದ್ಯುತ್ ಗಿಟಾರಿನಲ್ಲಿ ಈ ಒಡಕು ಮೊದಮೊದಲು ಬಂದದ್ದು ರಿಪೇರಿಯ ಸಮಸ್ಯೆಯಾಗಿ. 1951ರ ಮಾರ್ಚ್‌ನಲ್ಲಿ ಐಕ್ ಟರ್ನರ್‌ನ ತಂಡ 'ರಾಕೆಟ್ 88' ಹಾಡು ರೆಕಾರ್ಡ್ ಮಾಡಲು ಅಮೆರಿಕದ ಮೆಂಫಿಸ್‌ಗೆ ಹೊರಟಿತ್ತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್‌ನ ಆಂಪ್ ಕೆಟ್ಟಿತು. ಕಾರಿನಿಂದ ಬಿತ್ತು ಅಂತ ಕೆಲವರು, ಮಳೆಗೆ ನೆನೆಯಿತು ಅಂತ ಕೆಲವರು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಹರಿದ ಸ್ಪೀಕರಿನೊಳಗೆ ಕಾಗದ ತುರುಕಿದರು. ಗುಂಯ್‌ಗುಡುವ ಆ ದನಿಯನ್ನೇ ಇಟ್ಟುಕೊಂಡು ರೆಕಾರ್ಡ್ ಮುಗಿಸಿದರು. ಹಾಡು ಹಿಟ್ ಆಯಿತು. 1964ರಲ್ಲಿ ಲಂಡನ್‌ನ 'ದಿ ಕಿಂಕ್ಸ್' ತಂಡದ ಡೇವ್ ಡೇವಿಸ್ ಒಂದು ಹೆಜ್ಜೆ ಮುಂದೆ ಹೋಗಿ ಬ್ಲೇಡಿನಿಂದ ತಾನೇ ಸ್ಪೀಕರ್ ಸೀಳಿದ. ಅವನದು ಸಣ್ಣ, ಅಗ್ಗದ ಆಂಪು. ಸೀಳೋಕೆ ಧೈರ್ಯ ಬಂದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಡಬ್ಬಿ ಹುಟ್ಟಿದ್ದು ಈ ಎರಡರ ನಡುವೆ, ನ್ಯಾಶ್‌ವಿಲ್‌ನಲ್ಲಿ. ಗಾಯಕ ಮಾರ್ಟಿ ರಾಬಿನ್ಸ್ 'ಡೋಂಟ್ ವರಿ' ಎಂಬ ಮೆತ್ತಗಿನ ಹಾಡು ರೆಕಾರ್ಡ್ ಮಾಡುತ್ತಿದ್ದಾಗ ಗ್ರೇಡಿ ಮಾರ್ಟಿನ್‌ನ ಬಾಸ್ ಗಿಟಾರು ಹೋಗುತ್ತಿದ್ದ ಮಿಕ್ಸರ್ ಚಾನೆಲ್ ಕೆಟ್ಟಿತು. ನಡುವಿನ ಸೋಲೋ ಹರಿದ ಗೋಣಿಚೀಲದ ಹಾಗೆ ಬಂತು. ಮತ್ತೊಮ್ಮೆ ರೆಕಾರ್ಡ್ ಮಾಡಬಹುದಿತ್ತು, ಮಾಡಲಿಲ್ಲ, ಹಾಗೇ ಬಿಟ್ಟರು. 1961ರಲ್ಲಿ ಅದು ಅಮೆರಿಕದ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಬೇರೆಯವರೂ ಅದೇ ದನಿ ಬೇಕು ಅಂತ ಬಂದರು. ಅಷ್ಟರಲ್ಲಿ ಆ ಚಾನೆಲ್ ಪೂರ್ತಿ ಸತ್ತಿತ್ತು. ಸೌಂಡ್ ಇಂಜಿನಿಯರ್ ಗ್ಲೆನ್ ಸ್ನಾಡಿ, ಇನ್ನೊಬ್ಬ ಇಂಜಿನಿಯರ್ ರೆವಿಸ್ ಹಾಬ್ಸ್ ಜೊತೆ ಕೂತು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಲ್ಲಿ ಆ ಕೆಟ್ಟ ದನಿಯ ನಕಲು ಕಟ್ಟಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ಅನ್ನೇ ಫೀಚರ್ ಮಾಡಿದರು. ಅದನ್ನು ಗಿಬ್ಸನ್ ಕಂಪನಿ ಕೊಂಡು 1962ರಲ್ಲಿ 'ಮೇಸ್ಟ್ರೋ ಫಝ್-ಟೋನ್' ಹೆಸರಿನಲ್ಲಿ ಮಾರಿತು.

ಮಜಾ ಏನಂದರೆ, ಇದನ್ನು ಏನಂತ ಮಾರಬೇಕು ಅನ್ನೋದೇ ಕಂಪನಿಗೆ ಸರಿಯಾಗಿ ಹೊಳೆಯಲಿಲ್ಲ. ನಿಮ್ಮ ಗಿಟಾರು ತುತ್ತೂರಿ ಥರ, ಟ್ಯೂಬಾ ಥರ, ಚೆಲ್ಲೋ ಥರ ಕೇಳಿಸುತ್ತೆ ಅಂತ ಪ್ರಚಾರ ಮಾಡಿದರು. ಅಂಗಡಿಗಳಲ್ಲಿ ಮಾಲು ಧೂಳು ತಿಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಇದನ್ನು ಬಳಸಿದ್ದೂ ತುತ್ತೂರಿಯ ಬದಲಿಯಾಗಿಯೇ. ಮುಂದೆ ಅಲ್ಲಿ ಊದುವ ವಾದ್ಯ ಹಾಕೋಣ ಅನ್ನೋದು ಅವನ ಲೆಕ್ಕ. ಕಚ್ಚಾ ರೆಕಾರ್ಡೇ ಬಿಡುಗಡೆಯಾಯಿತು. ಆಮೇಲೆ ನಿಂತಿದ್ದ ಮಾಲೆಲ್ಲ ಖಾಲಿ.

ಮುಂದಿನದು ಬೇಗ ಹೇಳ್ತೀನಿ. 1978ರಲ್ಲಿ ಎರಡು ಪೆಡಲ್ ಬಂದವು. ಒಂದು ಜಪಾನಿನ ಬಾಸ್ ಡಿಎಸ್-1, ಇನ್ನೊಂದು ಗಿಬ್ಸನ್ ಕಾರ್ಖಾನೆಯಿದ್ದ ಕ್ಯಾಲಮಝೂ ಊರಲ್ಲೇ ತಯಾರಾದ ಪ್ರೋಕೋ ರ‍್ಯಾಟ್. ರ‍್ಯಾಟ್ ಒಳಗೆ ಒಂದು ಆಪ್-ಆಂಪ್ ಐಸಿ ದನಿಯನ್ನು ಹತ್ತಾರು ಪಟ್ಟು ಉಬ್ಬಿಸುತ್ತೆ, ಎರಡು ಡಯೋಡ್ ಅದರ ತಲೆ ಕತ್ತರಿಸುತ್ತವೆ. ಸರ್ಕ್ಯೂಟ್ ನೋಡಿ ನನಗೆ ನಗು ಬಂತು. ಬಿಇ ಲ್ಯಾಬಿನಲ್ಲಿ ನಾವು ಮಾಡಿದ್ದ ಕ್ಲಿಪ್ಪರ್ ಸರ್ಕ್ಯೂಟ್! ಸಿಆರ್‌ಒ ಮೇಲೆ ಚಪ್ಪಟೆ ಅಲೆ ಬಂದರೆ ಸಾಕು, ಮೇಡಂ ರೆಕಾರ್ಡಿಗೆ ಸೈನ್ ಹಾಕೋರು. ಅದಕ್ಕೊಂದು ಸ್ಪೀಕರ್ ಹಚ್ಚಿ ಕೇಳಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲ.

ಇಷ್ಟೂ ಗಿಟಾರಿನ ಕಥೆ. ಎಲೆಕ್ಟ್ರಾನಿಕ್ ಸಂಗೀತಕ್ಕೆ ಇದು ಬಂದದ್ದು ಹಳೇ ಸಾಮಾನಿನ ಬಾಗಿಲಿನಿಂದ. ಜಪಾನಿನ ರೋಲ್ಯಾಂಡ್ ಕಂಪನಿ ಒಂಟಿ ಗಿಟಾರ್ ವಾದಕರಿಗೆ ಬಾಸ್ ಸಾಥ್ ಕೊಡಲಿ ಅಂತ ಟಿಬಿ-303 ಮಾಡಿತು. ಅದು ಬಾಸ್ ಗಿಟಾರಿನ ಹಾಗೆ ಕೇಳಿಸಲೇ ಇಲ್ಲ, 1984ಕ್ಕೆ ನಿಂತಿತು. ಆದರೆ 1982ರಲ್ಲೇ ಮುಂಬೈಯ ಚರಣಜಿತ್ ಸಿಂಗ್ ಇದೇ 303, ಜೊತೆಗೆ ಟಿಆರ್-808, ಜುಪಿಟರ್-8 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ಹೊರತಂದಿದ್ದರು. ಭೈರವ್, ಯಮನ್, ಮಾಲಕಂಸ್ ಎಲ್ಲ ಇವೆ. ಅವರ 303 ಸ್ವಚ್ಛವಾಗಿದೆ, ನೀರು ಹರಿದ ಹಾಗೆ. ಆಗ ಯಾರೂ ಕಿವಿ ಕೊಡಲಿಲ್ಲ, 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತು ಬೆರಗಾಯಿತು. ಇತ್ತ ಷಿಕಾಗೋದಲ್ಲಿ 'ಫ್ಯೂಚರ್' ತಂಡದ ಹುಡುಗರು ಹಳೇ 303ರ ಗುಂಡಿಗಳನ್ನು ಮನಬಂದಂತೆ ತಿರುಗಿಸಿ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಹೊರತಂದರು. ಆಸಿಡ್ ಸಂಗೀತ ಅನ್ನೋ ಪ್ರಕಾರವೇ ಶುರುವಾಯಿತು.

ತೊಂಬತ್ತರ ದಶಕದಲ್ಲಿ ಅದೇ 303ಯನ್ನು ಗಿಟಾರ್ ಪೆಡಲಿಗೆ ಚುಚ್ಚಿದರು. ಕೀರಲು ದನಿ ಕಿರುಚಾಟವಾಯಿತು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಗ್ಯಾಬರ್ ಸಂಗೀತದವರು ಟಿಆರ್-909 ಡ್ರಮ್ ಮಷೀನಿನ ಕಿಕ್ಕನ್ನು ಮಿತಿ ಮೀರಿ ಉಬ್ಬಿಸಿ ಒಡೆದರು. ಒಡೆದ ಕಿಕ್ಕು ತಾಳದ ಜೊತೆಗೆ ಸ್ವರವನ್ನೂ ನುಡಿಯತೊಡಗಿತು. ಇದಕ್ಕೆ ಕಾರಣ ಇದೆ. 303ಯಲ್ಲಿ ಇರೋದು ಒಂದೇ ಆಸಿಲೇಟರು. ಅಷ್ಟು ಬಡ ದನಿಗೆ ಡಿಸ್ಟಾರ್ಷನ್ ಇಲ್ಲದ ಹಾರ್ಮೋನಿಕ್ಸ್ ತಂದು ತುಂಬುತ್ತೆ. ತುಂಬಿದ ಸಾಮಾನೂ ದುಬಾರಿಯದಲ್ಲ, ಪಕ್ಕದಲ್ಲಿ ಬಿದ್ದಿದ್ದ ಮಿಕ್ಸರು, ಯಾರದೋ ಹಳೇ ಪೆಡಲು.

ಇದಕ್ಕೆಂದೇ ದುಬಾರಿ ಡಬ್ಬಿ ಬಂದದ್ದು ಆಮೇಲೆ. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿ 2016ರಲ್ಲಿ 'ಅನಲಾಗ್ ಹೀಟ್' ತಂದಿತು: ಎಂಟು ಬಗೆಯ ಅನಲಾಗ್ ಸರ್ಕ್ಯೂಟು, ಸ್ಟೀರಿಯೋ, ಕಂಪ್ಯೂಟರಿಗೆ ಯುಎಸ್‌ಬಿ. ಅಷ್ಟರಲ್ಲಿ ಸಾಫ್ಟ್‌ವೇರೂ ಸುಮ್ಮನೆ ಕೂತಿರಲಿಲ್ಲ. ಹಳೇ ಯಂತ್ರಗಳ ನಡತೆಯನ್ನೇ ಕೋಡಿಗಿಳಿಸಿದ ಸೌಂಡ್‌ಟಾಯ್ಸ್ ಡಿಕ್ಯಾಪಿಟೇಟರಿನಂಥ ಪ್ಲಗಿನ್‌ಗಳು ಬಂದಿದ್ದವು.

ಸಾಫ್ಟ್‌ವೇರ್ ಡಿಸ್ಟಾರ್ಷನ್ನಿಗೆ ಮೊದಲು ನಿಜವಾದ ರೋಗ ಒಂದಿತ್ತು. 44.1 ಕಿಲೋಹರ್ಟ್ಜ್ ದರದಲ್ಲಿ 22,050 ಹರ್ಟ್ಜ್‌ಗಿಂತ ಮೇಲಿನ ದನಿಗೆ ಜಾಗವಿಲ್ಲ. 5,000 ಹರ್ಟ್ಜ್ ಸ್ವರ ಒಡೆದರೆ ಅದರ 9ನೇ ಹಾರ್ಮೋನಿಕ್ 45,000ದಲ್ಲಿ ಹುಟ್ಟಬೇಕು. ಜಾಗ ಇಲ್ಲದ್ದಕ್ಕೆ ಮಡಚಿಕೊಂಡು 900 ಹರ್ಟ್ಜ್‌ಗೆ ಬಂದು ಕೂರುತ್ತೆ. ಮೂಲ ಸ್ವರಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಮದುವೆ ಊಟಕ್ಕೆ ಕರೆಯದೆ ಬಂದು ಕೂತವರ ಹಾಗೆ. ಅನಲಾಗ್ ಡಬ್ಬಿಯಲ್ಲಿ ಈ ಕಾಟ ಇಲ್ಲ. ಆದರೆ ಈಗಿನ ಒಳ್ಳೆ ಪ್ಲಗಿನ್‌ಗಳು ಒಳಗೊಳಗೇ ದರವನ್ನು ಎಂಟು, ಹದಿನಾರು ಪಟ್ಟು ಏರಿಸಿ ಲೆಕ್ಕ ಹಾಕಿ ಇದನ್ನು ಬಹುಮಟ್ಟಿಗೆ ತೊಡೆದುಹಾಕಿವೆ.

ಓದಿದ್ದು ಸಾಕು ಅಂತ ಗೆಳೆಯನೊಬ್ಬನ ಡಬ್ಬಿಯನ್ನು ಒಂದು ವೀಕೆಂಡಿಗೆ ತಂದೆ. ಒಂದೇ ಕಿಕ್ಕು, ಒಂದೇ ಬಾಸ್‌ಲೈನು. ಡಬ್ಬಿಯಲ್ಲಿ ಒಡೆದದ್ದು, ಪ್ಲಗಿನ್ನಲ್ಲಿ ಒಡೆದದ್ದು, ಎರಡರ ಜೋರನ್ನೂ ಸಮ ಮಾಡಿದೆ. ಇದು ಮುಖ್ಯ ನೋಡಿ. ಸ್ವಲ್ಪ ಜೋರಿದ್ದದ್ದೇ ಕಿವಿಗೆ ಚೆನ್ನ ಅನ್ಸುತ್ತೆ, ಅರ್ಧ ಡೆಮೋಗಳ ಗುಟ್ಟು ಅದೇ. ಹೆಂಡತಿಗೆ ಫೈಲುಗಳನ್ನು ಕಲಸಿ ಪ್ಲೇ ಮಾಡು ಅಂದೆ. ಹತ್ತರಲ್ಲಿ ಆರು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಐದು ಬರುತ್ತಿತ್ತು.

ಆದರೆ ಆ ಎರಡು ದಿನದಲ್ಲಿ ಇನ್ನೊಂದೂ ಆಯಿತು. ಒಂದು ಹಾಡು ಮುಗಿಯಿತು. ಎಡಗೈ ಒಂದು ಗುಂಡಿ, ಬಲಗೈ ಇನ್ನೊಂದು ಗುಂಡಿ ತಿರುಗಿಸುತ್ತಾ ಆರು ನಿಮಿಷ ರೆಕಾರ್ಡ್ ಮಾಡಿದೆ. ನಾಲ್ಕನೇ ನಿಮಿಷದಲ್ಲಿ ಕೈ ಜಾರಿ ದನಿ ಕಿರುಚಿತು. ಪ್ಲಗಿನ್ ಆಗಿದ್ದರೆ ಅನ್‌ಡೂ ಮಾಡಿ, ನಾಳೆ ನೋಡೋಣ ಅಂತ ಬಿಡುತ್ತಿದ್ದೆ. ಇಲ್ಲಿ ಅನ್‌ಡೂ ಇಲ್ಲ. ಕೇಳಿದೆ, ಇರಲಿ ಅಂತ ಬಿಟ್ಟೆ.

ನ್ಯಾಶ್‌ವಿಲ್‌ನಲ್ಲಿ, ಮೆಂಫಿಸ್‌ನಲ್ಲಿ ಆದದ್ದೂ ಇದೇ ಅಲ್ವಾ ಅನ್ನಿಸಿತು. ಒಡಕು ದನಿ ಅವರಿಗೆ ಆಕಸ್ಮಿಕವಾಗಿ ಸಿಕ್ಕಿತು, ನಿಜ. ಆದರೆ ಅದನ್ನು ಇಟ್ಟುಕೊಳ್ಳೋದು ಅಂತ ಯಾರೋ ಒಬ್ಬರು ನಿರ್ಧಾರ ಮಾಡಿದರು. ನನ್ನ ಅರವತ್ತು ಅರ್ಧ ಹಾಡುಗಳಲ್ಲಿ ಇಲ್ಲದ್ದು ಅನಲಾಗ್ ಬಿಸಿಯಲ್ಲ, ಆ ನಿರ್ಧಾರ. ಎಲ್ಲವನ್ನೂ ಯಾವಾಗ ಬೇಕಾದರೂ ಬದಲಿಸಬಹುದಾದ ಜಾಗದಲ್ಲಿ ನಾನು ಯಾವುದನ್ನೂ ಕಮಿಟ್ ಮಾಡುತ್ತಿರಲಿಲ್ಲ.

ಹಾಗಾದರೆ ಕೊಳ್ಳಬೇಕಾ? ನನ್ನ ಅಭಿಪ್ರಾಯ ಹೇಳ್ತೀನಿ. ಎಲ್ಲ ಕೆಲಸ ಲ್ಯಾಪ್‌ಟಾಪಿನ ಒಳಗೇ ಮಾಡೋರು, ಬರೀ ದನಿ ಚೆನ್ನಾಗಿರುತ್ತೆ ಅಂತ ದೊಡ್ಡ ಡಬ್ಬಿ ಕೊಳ್ಳೋದು ಬೇಡ. ಆ ವ್ಯತ್ಯಾಸ ನಿಮ್ಮ ಕೇಳುಗರಿಗೆ ಗೊತ್ತಾಗೋದು ಕಷ್ಟ. ಪ್ಲಗಿನ್ನಲ್ಲೇ ಒಡೆದು, ಆಡಿಯೋ ಮಾಡಿ, ಮೂಲ ಟ್ರ್ಯಾಕ್ ಅಳಿಸಿಬಿಡಿ. ಇದಕ್ಕೆ ಖರ್ಚಿಲ್ಲ, ಧೈರ್ಯ ಬೇಕು. ಸಿಂಥ್, ಡ್ರಮ್ ಮಷೀನ್ ಇಟ್ಟುಕೊಂಡು ಕೈಯಲ್ಲಿ ನುಡಿಸೋರು, ಸ್ಟೇಜ್ ಹತ್ತೋರು ಧಾರಾಳವಾಗಿ ಕೊಳ್ಳಬಹುದು. ನಡುವಿನವರಿಗೆ ಸೆಕೆಂಡ್‌ಹ್ಯಾಂಡ್ ಗಿಟಾರ್ ಪೆಡಲ್ ಸಾಕು. ಎರಡು ಮಾತು ನೆನಪಿರಲಿ: ಪೆಡಲ್ ಗಿಟಾರಿನ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಸಿಂಥಿನ ವಾಲ್ಯೂಮ್ ಇಳಿಸಿ ಕೊಡಿ. ಬಹಳ ಪೆಡಲ್ಲುಗಳು ಮೋನೋ, ಕೆಳಗಿನ ಬಾಸನ್ನೂ ತಿಂದುಹಾಕುತ್ತವೆ, ಹಾಗಾಗಿ ಒಡೆಯದ ಮೂಲ ದನಿಯನ್ನೂ ಸ್ವಲ್ಪ ಬೆರೆಸಿಕೊಳ್ಳಿ.

ನಾನು ಕಾರ್ಟ್ ಖಾಲಿ ಮಾಡಿದೆ. ಹಳೇ ಪೆಡಲೊಂದನ್ನು ಕೊಂಡೆ, ಆ ರೊಕ್ಕದ ಸಣ್ಣ ಪಾಲಿಗೆ. ಆಮೇಲೆ ಎಂಟು ತಿಂಗಳಲ್ಲಿ ಐದು ಹಾಡು ಮುಗಿದಿವೆ. ಮೊನ್ನೆ ಊರಿಗೆ ಹೋದಾಗ ಅವ್ವನಿಗೆ ಒಂದನ್ನು ಕೇಳಿಸಿದೆ. ಅರ್ಧ ನಿಮಿಷ ಕೇಳಿ, "ನಿನ್ ಮೊಬೈಲಿನ ಸ್ಪೀಕರ್ ಕೆಟ್ಟೈತೇನೋ?" ಅಂದಳು. ಹೌದವ್ವಾ ಅಂದೆ.